ತಿಳಿಸಾರಿನಲ್ಲಿ ಬೇಳೆ ಎಷ್ಟಿದೆ?

ಪ್ರಶ್ನೆ: ನಮ್ಮದು ಮೊಟ್ಟೆ, ಮಾಂಸ ಮುಟ್ಟದ ಮನೆ. ಕಾಲೇಜಿಗೆ ಹೋಗುವ ಮಗ (ತೂಕ 60 ಕೆ.ಜಿ.) ಜಿಮ್‌ಗೆ ಸೇರಿದ ಮೇಲೆ, ಮನೆಯೂಟದಲ್ಲಿ ಪ್ರೋಟೀನೇ ಇಲ್ಲವೆಂದು ಡಬ್ಬಿಯ ಪುಡಿ ಕೇಳುತ್ತಿದ್ದಾನೆ. ದಿನವೂ ತೊಗರಿಬೇಳೆ ಸಾರು ಮಾಡುತ್ತೇನೆ, ವಾರಕ್ಕೆರಡು ಸಲ ಹುರುಳಿಕಟ್ಟಿನ ಸಾರೂ ಇರುತ್ತದೆ. ಇಷ್ಟು ಸಾಲದೇ?
– ಗೃಹಿಣಿ, ದಾವಣಗೆರೆ

ಉತ್ತರ: ಮಗನ ಮಾತು ಪೂರ್ತಿ ಸರಿಯಲ್ಲ, ಆದರೆ ಬರೀ ಸಾರು ಸಾಲದೆಂಬುದೂ ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ, ಅಂದರೆ ನಿಮ್ಮ ಮಗನಿಗೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಕಸರತ್ತು ಹೆಚ್ಚಿದ್ದರೆ ಇನ್ನಷ್ಟು ಬೇಕಾದೀತು. ನಾಲ್ವರ ತಿಳಿಸಾರಿಗೆ ಬೀಳುವುದು ಒಂದು ಹಿಡಿ, ಹೆಚ್ಚೆಂದರೆ 50 ಗ್ರಾಂ ಬೇಳೆ. ಒಣಬೇಳೆಯ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಪ್ರೋಟೀನ್ ಇದ್ದರೂ ತಲೆಗೆ 3 ಗ್ರಾಂ ಕೂಡ ದಕ್ಕುವುದಿಲ್ಲ. ಸೌಟು ತಳಕ್ಕೆ ಹೋಗದಿದ್ದರೆ ಅದೂ ಪಾತ್ರೆಯಲ್ಲೇ ಉಳಿಯುತ್ತದೆ.

ಹುರುಳಿಯದು ಇನ್ನೂ ಸ್ವಾರಸ್ಯ. ಕಟ್ಟನ್ನು ಬಸಿದು ಸಾರಿಗೆ ಇಟ್ಟುಕೊಂಡು, ಬೆಂದ ಕಾಳನ್ನು ಎತ್ತಿಗೆ ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಇರುವುದರಿಂದ, ಆ ಲೆಕ್ಕದಲ್ಲಿ ಎತ್ತಿನ ಊಟವೇ ಮೇಲಾಗಿತ್ತು! ಆ ಕಾಳಿಗೆ ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ ಮಾಡಿ, ಜೋಳದ ರೊಟ್ಟಿಯ ಜೊತೆ ಬಡಿಸಿ.

ರೊಟ್ಟಿಯ ಜೊತೆ ಎಂದದ್ದಕ್ಕೆ ಕಾರಣವಿದೆ. ಜೋಳ, ಅಕ್ಕಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಘಟಕ) ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಎಂಬ ಇನ್ನೊಂದು ಘಟಕ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಉಣ್ಣಬೇಕೆಂಬ ಕಟ್ಟುಪಾಡಿಲ್ಲ, ದಿನದೊಳಗೆ ಸೇರಿದರಾಯಿತು. ಸುಮಾರು 300 ಗ್ರಾಂ ಧಾನ್ಯದಿಂದ 25 ಗ್ರಾಂ, 80 ಗ್ರಾಂ ಬೇಳೆಕಾಳಿನಿಂದ 17, ಎರಡು ಲೋಟ ಹಾಲು-ಮಜ್ಜಿಗೆಯಿಂದ ಏಳೆಂಟು ಗ್ರಾಂ ಬಂದರೆ 50ರ ಗುರಿ ಹೆಚ್ಚುಕಡಿಮೆ ಮುಟ್ಟಿದಂತೆ. ಹಾಲು-ಮೊಸರನ್ನು ಬಿಡಬೇಡಿ, ಬಿ12 ಜೀವಸತ್ವ ಕಾಳುಗಳಲ್ಲಿ ಸಿಗುವುದಿಲ್ಲ.

ಕಾಳಿನ ಜೊತೆಗೆ ನಾರಿನಂಶವೂ ಹೊಟ್ಟೆ ಸೇರುವುದರಿಂದ ಹಸಿವು ಬೇಗ ಮರುಕಳಿಸುವುದಿಲ್ಲ, ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದೂ ನಿಧಾನವಾಗುತ್ತದೆ. ಡಬ್ಬಿಯ ಪುಡಿಯಿಂದ ಈ ಲಾಭ ಸಾಮಾನ್ಯವಾಗಿ ಸಿಗದು. ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರು ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಲಿ. ಮೊಳಕೆ ಕಟ್ಟಿದರೆ ಕಾಳಿನ ಕಬ್ಬಿಣಾಂಶ ಇನ್ನೂ ಚೆನ್ನಾಗಿ ದಕ್ಕುತ್ತದೆ. ಅದಕ್ಕೆ ನೆರವಾಗಲು ಮೇಲೆ ನಿಂಬೆರಸ ಹಿಂಡಿ; ಅದಕ್ಕೆ ಅಡ್ಡಿಯಾಗುವ ಚಹಾ ಊಟದ ಬೆನ್ನಿಗೇ ಬೇಡ.

ಸಂಜೆ ಮಂಡಕ್ಕಿ ತಿನ್ನುವ ಹುಡುಗನಿಗೆ ಅದರೊಳಗೆ ಬೆಂದ ಕಡಲೆಕಾಳು, ಒಂದು ಹಿಡಿ ಹುರಿದ ಶೇಂಗಾ ಬೆರೆಸಿಕೊಡಿ. ಚಳ್ಳಕೆರೆ ಸೀಮೆಯ ಶೇಂಗಾ ನಮಗೆ ದೂರದ ಮಾಲೇನಲ್ಲ, 30 ಗ್ರಾಂನಲ್ಲಿ 7 ಗ್ರಾಂ ಪ್ರೋಟೀನ್ ಇದೆ. ಆದರೆ ಎಣ್ಣೆಯಂಶ ಬಹಳ, ಲೈಸಿನ್ ಕಡಿಮೆ. ಶೇಂಗಾಚಟ್ನಿ ಇದೆಯೆಂದು ಬೇಳೆ ಬಿಡಲಾಗದು. ಬೂಸಲು ಹಿಡಿದ ಬೀಜವನ್ನು ಆರಿಸಿ ಎಸೆಯಿರಿ.

ಇಷ್ಟನ್ನು ಒಂದೆರಡು ತಿಂಗಳು ನಡೆಸಿ, ಆಮೇಲೆ ಡಬ್ಬಿಯ ಮಾತಾಡೋಣ. ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವ ಹಿರಿಯರಿದ್ದರೆ ಈ ಲೆಕ್ಕ ಅವರಿಗಲ್ಲ. ಅವರ ತಟ್ಟೆಗೆ ವೈದ್ಯರು ಹೇಳಿದ ಅಳತೆಯೇ ಇರಲಿ.