‘ದೂರವಿರಬೇಡ’ ಎಂಬುದೂ ಪ್ರಾರ್ಥನೆಯೇ

ಅಮ್ಮ ತೀರಿಕೊಂಡು ಆರು ತಿಂಗಳಾಯಿತು, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದೀರಿ, ರಾತ್ರಿ ಪ್ರಾರ್ಥನೆಗೆ ಕುಳಿತರೆ ಗೋಡೆಯ ಜೊತೆ ಮಾತನಾಡಿದಂತಾಗುತ್ತದೆ, ದೇವರು ಹತ್ತಿರವಿದ್ದಾನೆ ಎಂದು ಅನಿಸಲು ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಗದಗ-ಬೆಟಗೇರಿಯವಳು, ಹುಟ್ಟಿನಿಂದ ಕ್ರೈಸ್ತಳು. ನನಗೆ ಗೊತ್ತಿರುವ ದಾರಿಯಲ್ಲೇ ಹೇಳುತ್ತೇನೆ.

ನನ್ನ ಯಜಮಾನರು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ 17 ದಿನ ಇದ್ದರು. ರಾತ್ರಿಯೆಲ್ಲ ನಾನು ಹೊರಗಿನ ಸ್ಟೀಲ್ ಬೆಂಚಿನ ಮೇಲೆ. ಬಾಗಿಲು ತೆರೆದಾಗಲೆಲ್ಲ ಔಷಧದ ವಾಸನೆಯ ತಣ್ಣನೆ ಗಾಳಿ ಪಾದಕ್ಕೆ ತಾಕುತ್ತಿತ್ತು, ಯಾರ ಕಡೆಯವರನ್ನು ಕರೆಯುತ್ತಾರೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಅರ್ಧಕ್ಕೇ ನಿಂತುಹೋಗುತ್ತಿದ್ದವು. ‘ತಂದೆಯೇ, ನಿನಗೆ ಸ್ತೋತ್ರ’ ಎಂದು ಶುರು ಮಾಡಿದರೆ ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತಿತ್ತು.

ಆಗ ನನಗೆ ಆಸರೆಯಾದದ್ದು ಸತ್ಯವೇದದ, ಅಂದರೆ ಬೈಬಲಿನ, 22ನೆಯ ಕೀರ್ತನೆ. ಶಿಲುಬೆಯ ಮೇಲೆ ಯೇಸು ‘ನನ್ನನ್ನು ಏಕೆ ಕೈಬಿಟ್ಟೆ’ ಎಂದು ಕೂಗಿದ್ದು ಇದರ ಮೊದಲ ಮಾತನ್ನೇ. ಪ್ರತಿವರ್ಷ ಶುಭ ಶುಕ್ರವಾರದಂದು ಕೇಳುತ್ತಿದ್ದೆ. ಆ ಬೆಂಚಿನ ಮೇಲೆ ಓದಿದಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು: ‘ದೂರ’ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲನೆಯ ವಚನದಲ್ಲಿ ಅದು ದೂರು, ಏಕೆ ಇಷ್ಟು ದೂರವಿದ್ದೀ ಎಂದು. ಹನ್ನೊಂದರಲ್ಲಿ ಮೊರೆ: ದೂರವಿರಬೇಡ, ಕಷ್ಟ ಹತ್ತಿರ ಬಂದಿದೆ, ಸಹಾಯಕ್ಕೆ ಯಾರೂ ಇಲ್ಲ. ಹತ್ತೊಂಬತ್ತರಲ್ಲಿ ಪುನಃ ಅದೇ ಮೊರೆ. ನಡುವೆ ಪೂರಾ ಮೈಯ ಸಂಕಟ: ನೀರಿನಂತೆ ಚೆಲ್ಲಿಹೋಗಿದ್ದೇನೆ, ಎಲುಬುಗಳು ಕೀಲು ತಪ್ಪಿವೆ, ನಾಲಿಗೆ ಬಾಯಿಗೆ ಅಂಟಿಕೊಂಡಿದೆ ಎಂದು. ಅಂದರೆ, ಹತ್ತಿರವಿದ್ದಾನೆ ಎಂದು ಅನಿಸದೇ ಇದ್ದವರ ಬಾಯಿಂದಲೇ ಆ ಪ್ರಾರ್ಥನೆ ಹೊರಟಿದೆ. ಅಂದಿನಿಂದ ನಾನು ಬೇರೇನೂ ಹೇಳಲಿಲ್ಲ. ‘ದೂರವಿರಬೇಡ’ ಎಂಬುದೊಂದೇ. ಉಸಿರು ಬಿಡುವಾಗ ಒಮ್ಮೆ, ಬಾಗಿಲು ತೆರೆದಾಗ ಒಮ್ಮೆ.

ಹನ್ನೊಂದನೆಯ ವಚನಕ್ಕೆ ಮುಂಚಿನ ಎರಡು ವಚನಗಳನ್ನೂ ಓದಿ. ತಾಯಿಯ ಗರ್ಭದಿಂದ ಹೊರತಂದವನು ನೀನೇ, ತಾಯಿಯ ಎದೆಯ ಮೇಲಿದ್ದಾಗಲೇ ನನಗೆ ಭರವಸೆ ಕೊಟ್ಟವನು ನೀನೇ ಎಂದು ದೇವರಿಗೆ ನೆನಪಿಸುವ ಮಾತುಗಳವು. ಅಮ್ಮನನ್ನು ಕಳೆದುಕೊಂಡಿರುವ ನಿಮಗೆ ಅಲ್ಲಿ ಅಳು ಬರಬಹುದು. ಬರಲಿ, ತಡೆಯಬೇಡಿ.

ಹದಿನೇಳನೆಯ ದಿನ ನನ್ನವರು ಹೋದರು. ಆ ರಾತ್ರಿ ದೇವರು ಪಕ್ಕದಲ್ಲಿದ್ದ ಎಂದು ನನಗೆ ಅನಿಸಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ಮಣ್ಣಿಗೆ ಬಂದವರಲ್ಲಿ ಒಬ್ಬರು ನಂಬಿಕೆ ಇನ್ನೂ ಗಟ್ಟಿಯಾಗಿರಬೇಕಿತ್ತು ಎಂದರು. ಅಂಥ ಮಾತನ್ನು ನಿಮಗೂ ಯಾರಾದರೂ ಹೇಳಿದ್ದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 88ನೆಯ ಕೀರ್ತನೆ ಕೊನೆಯವರೆಗೂ ಕತ್ತಲೆಯಲ್ಲೇ ಇದೆ, ಸ್ತೋತ್ರವಿಲ್ಲದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ.

ಊಟ ಸರಿಯಾಗಿ ಸೇರುತ್ತಿಲ್ಲ ಎಂದೂ ಬರೆದಿದ್ದೀರಿ. ಅದೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಜೀವಭಯದಿಂದ ಓಡಿ, ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಬ್ಬನೇ ಅಡವಿಗೆ ಹೋಗಿ ಒಂದು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಮುಟ್ಟಿ ಎಬ್ಬಿಸಿ ಊಟ ಮಾಡು ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದು ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳುವುದು ಅದಾಗಿ ನಲವತ್ತು ದಿನಗಳ ನಡಿಗೆಯ ಮೇಲೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹಿರಿಯ ತಾಯಿ ಇದ್ದರು, ಕೊರಳಲ್ಲಿ ಲಿಂಗದ ಕರಡಿಗೆ. ಅವರ ಮಗ ಒಳಗಿದ್ದ. ಒಂದು ನಸುಕಿನಲ್ಲಿ ಬಟ್ಟೆಯ ಗಂಟು ಬಿಚ್ಚಿ, ಕಟಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ‘ತಿನ್ನು ತಂಗಿ, ಖಾಲಿ ಹೊಟ್ಟೆಯಲ್ಲಿ ದೇವರನ್ನು ಎಷ್ಟು ಹೊತ್ತು ಕರೆಯುತ್ತೀ’ ಎಂದರು. ಮೂರು ದಿನಗಳಲ್ಲಿ ನಾನು ಸರಿಯಾಗಿ ತಿಂದದ್ದು ಅದೊಂದೇ. ಹೊಟ್ಟೆ ತುಂಬಿದ ಮೇಲೆ ಒಂದು ತಾಸು ನಿದ್ದೆಯೂ ಬಂತು.

ಹಾಗಾಗಿ ಮೊದಲು ಊಟ ಮಾಡಿ, ಆಮೇಲೆ ಪ್ರಾರ್ಥಿಸಿ. ಹೊಸ ಮಾತು ಹುಡುಕಬೇಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ಎಂಬಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದ ಎಂದು ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಮೂವರು ಶಿಷ್ಯರನ್ನು ನನ್ನ ಜೊತೆ ಎಚ್ಚರವಾಗಿರಿ ಎಂದು ಆತನೂ ಕೇಳಿಕೊಂಡಿದ್ದ. ಅವರು ನಿದ್ದೆಹೋದರು, ನಿಜ. ಆದರೂ ಕೇಳಿಕೊಂಡ. ನೀವೂ ಒಬ್ಬರನ್ನು ಕೇಳಿ, ವಾರಕ್ಕೆ ಒಂದು ಸಲವಾದರೂ ಬಂದು ಕುಳಿತುಕೊಳ್ಳಲಿ. ಎಲೀಯನಂತೆ ಸಾವಿನ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ನಿಮ್ಮ ಹೆಸರನ್ನು ನೀವು ಬರೆದಿಲ್ಲ. ಇಂದು ರಾತ್ರಿ ಮಲಗುವ ಮುನ್ನ, ಬೆಂಗಳೂರಿನ ಆ ಕೋಣೆಯಲ್ಲಿ ಇರುವವರಿಂದ ದೂರವಿರಬೇಡ ಎಂದು ನಾನು ಕೇಳಿಕೊಳ್ಳುತ್ತೇನೆ.