ರಕ್ತನಾಳಕ್ಕೆ ಹಬ್ಬಿದ ಗಡ್ಡೆಗೆ ಶಸ್ತ್ರಚಿಕಿತ್ಸೆ ಸಾಧ್ಯವೇ?

ಪ್ರಶ್ನೆ: ನನ್ನ ಅಣ್ಣನಿಗೆ 46 ವರ್ಷ. ಅವನ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿರುವ ಗಡ್ಡೆಯು ನ್ಯೂರೋಎಂಡೋಕ್ರೈನ್ ಎಂಬ ಅಪರೂಪದ ಬಗೆಯ ಕ್ಯಾನ್ಸರ್ ಎಂದು ಬಯಾಪ್ಸಿಯಿಂದ ತಿಳಿದಿದೆ. ಅದು ಪೋರ್ಟಲ್ ಅಭಿಧಮನಿಯೊಳಕ್ಕೂ ಬೆಳೆದಿರುವುದರಿಂದ ಶಸ್ತ್ರಚಿಕಿತ್ಸೆ ಬೇಡವೆಂದು ಒಬ್ಬ ವೈದ್ಯರೂ, ನಾಳದ ತುಂಡನ್ನು ಸೇರಿಸಿಯೇ ತೆಗೆಯಬಹುದೆಂದು ಇನ್ನೊಬ್ಬರೂ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಈ ಗ್ರಂಥಿಯ ಕ್ಯಾನ್ಸರ್ ಬಗ್ಗೆ ಕೇಳಿಬರುವ ನಿರಾಶೆಯ ಮಾತುಗಳು ಹೆಚ್ಚಾಗಿ ಅಡಿನೊಕಾರ್ಸಿನೋಮ ಎಂಬ ಸಾಮಾನ್ಯ ಬಗೆಗೆ ಸೇರಿದವು. ನಿಮ್ಮ ಅಣ್ಣನವರ ಗಡ್ಡೆ ಹುಟ್ಟಿರುವುದು ಹಾರ್ಮೋನು ಸ್ರವಿಸುವ ಜೀವಕೋಶಗಳಲ್ಲಿ. ಇಂಥವು ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವುದರಿಂದ, ದೊಡ್ಡ ಶಸ್ತ್ರಚಿಕಿತ್ಸೆಯ ಅಪಾಯವನ್ನು ಎದುರಿಸಿದ್ದಕ್ಕೆ ದೀರ್ಘಕಾಲದ ಪ್ರಯೋಜನ ದೊರೆಯುವ ಸಂಭವವಿದೆ. ಆದರೆ ಬಯಾಪ್ಸಿ ವರದಿಯಲ್ಲಿ ಕೆಐ-67 ಎಂಬ ಅಂಕಿ ಶೇ. 20ನ್ನು ಮೀರಿದ್ದರೆ ಗಡ್ಡೆ ವೇಗವಾಗಿ ಬೆಳೆಯುವ ಸ್ವಭಾವದ್ದೆಂದು ಅರ್ಥ, ಆಗ ಲೆಕ್ಕಾಚಾರವೇ ಬೇರೆ.

‘ರಕ್ತನಾಳಕ್ಕೆ ಹಬ್ಬಿದೆ’ ಎಂಬ ಒಂದು ಸಾಲಿನಿಂದ ಏನೂ ತೀರ್ಮಾನವಾಗದು. ಸಣ್ಣ ಕರುಳಿಗೆ ರಕ್ತ ಒಯ್ಯುವ ಅಪಧಮನಿಯನ್ನು ಗಡ್ಡೆ ಅರ್ಧ ಸುತ್ತಿಗಿಂತ ಹೆಚ್ಚು ಬಳಸಿಕೊಂಡಿದ್ದರೆ ಹೆಚ್ಚಿನ ಶಸ್ತ್ರವೈದ್ಯರು ಹಿಂಜರಿಯುತ್ತಾರೆ, ಅದು ಸರಿಯೂ ಹೌದು. ಅಭಿಧಮನಿಯ ವಿಷಯ ಹಾಗಲ್ಲ. ಕರುಳು ಮತ್ತು ಗುಲ್ಮದ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಅಭಿಧಮನಿಯು ಈ ಗ್ರಂಥಿಯ ಕುತ್ತಿಗೆಯ ಹಿಂದೆಯೇ ರೂಪುಗೊಳ್ಳುತ್ತದೆ. ಗಡ್ಡೆಯ ಜೊತೆಗೆ ಅದರ ಒಂದು ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ನೇರವಾಗಿ ಹೊಲಿಯಬಹುದು, ಅಂತರ ಹೆಚ್ಚಿದ್ದರೆ ರೋಗಿಯ ಕೊರಳಿನ ಅಭಿಧಮನಿಯ ತುಂಡನ್ನೋ ಕೃತಕ ನಾಳವನ್ನೋ ನಡುವೆ ಜೋಡಿಸಬಹುದು. ಹೊಲಿಗೆ ಹಿಡಿಯುವಂತಹ ಆರೋಗ್ಯವಂತ ನಾಳ ಮೇಲೂ ಕೆಳಗೂ ಉಳಿದಿರಬೇಕು, ಅಷ್ಟೇ. ಈ ಬಗೆಯ ಗಡ್ಡೆ ಕೆಲವೊಮ್ಮೆ ನಾಳದ ಗೋಡೆಗೆ ಬೇರೂರದೆ ನಾಲಗೆಯಂತೆ ಒಳಗೆ ಚಾಚಿರುತ್ತದೆ. ಆಗ ನಾಳವನ್ನು ತೆರೆದು ಅದನ್ನು ಹೊರಗೆಳೆದರೂ ಸಾಕಾಗಬಹುದು.

ನಾಳ ಬಹುಕಾಲದಿಂದ ಮುಚ್ಚಿಹೋಗಿದ್ದರೆ ಸುತ್ತಲಿನ ಕಿರುನಾಳಗಳು ಉಬ್ಬಿಕೊಂಡು, ಶಸ್ತ್ರಚಿಕಿತ್ಸೆಯ ವೇಳೆ ಭಾರಿ ರಕ್ತಸ್ರಾವಕ್ಕೆ ಕಾರಣವಾಗುತ್ತವೆ. ಮೊದಲ ವೈದ್ಯರು ಬೇಡವೆಂದದ್ದು ಇದಕ್ಕೇ ಇರಬಹುದು. ಕಾರಣವನ್ನು ಅವರನ್ನೇ ಕೇಳಿ. ಎರಡನೆಯವರನ್ನು, ನಾಳ ಜೋಡಿಸುವ ಇಂತಹ ಶಸ್ತ್ರಚಿಕಿತ್ಸೆಗಳನ್ನು ಅವರ ತಂಡ ವರ್ಷಕ್ಕೆ ಎಷ್ಟು ಮಾಡುತ್ತದೆಂದು ಸಂಕೋಚವಿಲ್ಲದೆ ಕೇಳಿ. ಜೋಡಿಸಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಗ್ರಂಥಿಯ ರಸ ಸೋರುವುದು, ಮುಂದೆ ಮಧುಮೇಹ ಬರುವುದು, ಊಟದೊಂದಿಗೆ ಕಿಣ್ವದ ಕ್ಯಾಪ್ಸೂಲ್ ನುಂಗಬೇಕಾಗುವುದು ಇವೆಲ್ಲವನ್ನೂ ಮೊದಲೇ ತಿಳಿದಿರಬೇಕು.

ಗ್ಯಾಲಿಯಂ-68 ಬಳಸುವ ಪೆಟ್ ಸ್ಕ್ಯಾನ್ ಆಗಿಲ್ಲದಿದ್ದರೆ, ಗಡ್ಡೆ ಬೇರೆಡೆ ಹರಡಿದೆಯೇ ಎಂದು ನೋಡಲು ಮಾಡಿಸುವುದು ಒಳ್ಳೆಯದು. ಈಗ ತೆಗೆಯಲಾಗದೆಂದು ತೀರ್ಮಾನವಾದರೂ ಆಕ್ಟ್ರಿಯೊಟೈಡ್ ಚುಚ್ಚುಮದ್ದು ಅಥವಾ ಲುಟೇಷಿಯಂ-177 ವಿಕಿರಣ ಚಿಕಿತ್ಸೆಯಿಂದ ಗಡ್ಡೆಯನ್ನು ಹತೋಟಿಯಲ್ಲಿಡಲು ಪ್ರಯತ್ನಿಸಬಹುದು, ಗಡ್ಡೆ ಕುಗ್ಗಿದರೆ ಶಸ್ತ್ರಚಿಕಿತ್ಸೆಯ ಪ್ರಶ್ನೆಯನ್ನು ಮತ್ತೆ ಎತ್ತಬಹುದು.