ಓದುಗರ ಪ್ರಶ್ನೆ: ರೇಡಿಯೋ ಸ್ಟಾರ್ ಹಾಡು ಗೆದ್ದಿದ್ದು ಎಂಟಿವಿಯಿಂದಾನಾ?

ಪ್ರಶ್ನೆ: ಸರ್, ಬ್ರಿಟನ್ನಿನ ಬಗಲ್ಸ್ ಬ್ಯಾಂಡಿನ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಅಮೆರಿಕದ ವಿಡಿಯೋ ಹಾಡುಗಳ ಚಾನೆಲ್ ಎಂಟಿವಿಯಲ್ಲಿ ಎಲ್ಲಕ್ಕಿಂತ ಮೊದಲು ಬಂತು ಅಂತಷ್ಟೇ ಫೇಮಸ್ಸಾ, ಇಲ್ಲಾ ಹಾಡಲ್ಲೇ ಏನಾದ್ರೂ ಇದ್ಯಾ?

ಉತ್ತರ: ಹಾಡಲ್ಲೇ ಇದೆ ರೀ. ಎಂಟಿವಿ ಶುರುವಾಗಿದ್ದು 1981ರ ಆಗಸ್ಟ್ 1ಕ್ಕೆ, ಈ ಹಾಡು ರಿಲೀಸಾಗಿದ್ದು 1979ರ ಸೆಪ್ಟೆಂಬರಲ್ಲಿ, ಮುಂದಿನ ತಿಂಗಳೇ ಬ್ರಿಟನ್ನಲ್ಲಿ ನಂಬರ್ ಒನ್, ಆಸ್ಟ್ರೇಲಿಯಾದಲ್ಲಂತೂ ವಾರಗಟ್ಟಲೆ ಮೇಲಿಂದ ಇಳೀಲೇ ಇಲ್ಲ. ಅಂದ್ರೆ ಎಂಟಿವಿ ಅನ್ನೋದು ಹುಟ್ಟೋ ಮುಂಚೇನೇ ಇದು ಗೆದ್ದಾಗಿತ್ತು.

ಬಗಲ್ಸ್‌ನ ಟ್ರೆವರ್ ಹಾರ್ನ್, ಜೆಫ್ ಡೌನ್ಸ್, ಜೊತೆಗೆ ಬ್ರೂಸ್ ವೂಲಿ, ಮೂರೂ ಜನ ಸೇರಿ ಬರೆದಿದ್ದು, ಆಮೇಲೆ ವೂಲಿ ತಮ್ಮದೇ ಬ್ಯಾಂಡ್ ಮಾಡ್ಕೊಂಡು ಇದನ್ನೇ ಬೇರೆ ಥರ ಹಾಡಿದ್ರು, ಎರಡನ್ನೂ ಒಂದಾದ್ಮೇಲೊಂದು ಕೇಳಿದ್ರೆ ಹಾರ್ನ್ ಸ್ಟುಡಿಯೋಲಿ ಮಾಡಿರೋ ಕೆಲಸ ಎಂಥದ್ದು ಅಂತ ಗೊತ್ತಾಗುತ್ತೆ. ಹಾರ್ನ್ ದನಿ ಗಮನಿಸಿ, ದಪ್ಪ ನಾದ (ಬೇಸ್) ಎಲ್ಲಾ ತೆಗೆದು ಹಳೇ ರೇಡಿಯೋ ಪೆಟ್ಟಿಗೆ ಒಳಗಿಂದ ಬಂದಂಗೆ ತೆಳ್ಳಗೆ ಮಾಡಿದಾರೆ, ಹಾಡೋದೂ 1952ರಲ್ಲಿ ರೇಡಿಯೋದಲ್ಲಿ ಕೇಳಿದ ಸ್ಟಾರ್ ಬಗ್ಗೇನೇ. ಆದ್ರೆ ಮಧ್ಯೆ ಮಧ್ಯೆ ಬರೋ ಹೆಣ್ಣುಮಕ್ಕಳ 'ಓ ಆ ಓ' ಮಾತ್ರ ಹೊಸದಾಗಿ, ಫಳಫಳ ಅನ್ನೋಹಂಗೆ ರೆಕಾರ್ಡಾಗಿದೆ. ಹೋಗ್ತಿರೋ ಕಾಲ, ಬರ್ತಿರೋ ಕಾಲ ಎರಡೂ ಸೌಂಡಲ್ಲೇ ಕೇಳ್ಸುತ್ತೆ, ಸಾಹಿತ್ಯ ಪೂರ್ತಿ ಅರ್ಥ ಆಗದೇ ಇದ್ರೂ ಪರವಾಗಿಲ್ಲ. ತುಂಬಾ ಜನ ಇದನ್ನ ವಿಡಿಯೋ ಬಂತು ಅನ್ನೋ ಖುಷಿಯ ಹಾಡು ಅಂದ್ಕೊಂಡಿದಾರೆ, ನನ್ ಪ್ರಕಾರ ಇದು ರೇಡಿಯೋನ ಕಳ್ಕೊಂಡ ಸಂಕಟದ ಹಾಡು.

ಪ್ರಶ್ನೆ: ಹಂಗಾದ್ರೆ ಅಮೆರಿಕದಲ್ಲಿ ಯಾಕೆ ಓಡ್ಲಿಲ್ಲ? ಆದ್ರೂ ಎಂಟಿವಿಯವ್ರು ಇದನ್ನೇ ಯಾಕೆ ಮೊದಲು ಹಾಕಿದ್ರು?

ಉತ್ತರ: ಹೌದು, ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 40ನೇ ಸ್ಥಾನದಿಂದ ಮೇಲೆ ಹೋಗ್ಲೇ ಇಲ್ಲ. ಮೊದಲು ಹಾಕಿದ್ದಕ್ಕೆ ಹೆಸರೇ ಕಾರಣ, ವಿಡಿಯೋ ಚಾನೆಲ್ ಶುರು ಮಾಡೋರಿಗೆ ಇದಕ್ಕಿಂತ ಒಪ್ಪೋ ಹೆಸರು ಎಲ್ಲಿ ಸಿಗಬೇಕು ಹೇಳಿ. ಇನ್ನೊಂದು ವಿಷ್ಯ ಏನಂದ್ರೆ ಆಗ ತೋರ್ಸೋಕೆ ವಿಡಿಯೋಗಳೇ ಕಮ್ಮಿ ಇದ್ವು, ಇದ್ದಿದ್ರಲ್ಲಿ ಬ್ರಿಟನ್ ಬ್ಯಾಂಡುಗಳದ್ದು ಜಾಸ್ತಿ, ಹಂಗಾಗಿ ಅಮೆರಿಕದ ರೇಡಿಯೋ ಕ್ಯಾರೇ ಅನ್ನದೇ ಇದ್ದ ಎಷ್ಟೋ ನ್ಯೂ ವೇವ್ (ಆ ಕಾಲದ ಹೊಸ ಶೈಲಿಯ ಪಾಪ್-ರಾಕ್) ಹಾಡುಗಳು ಟೀವಿ ಮೂಲಕ ಮನೆಮನೆಗೆ ಹೋದ್ವು. ರಸೆಲ್ ಮಲ್ಕೇಹಿ ಮಾಡಿದ ಆ ವಿಡಿಯೋ ಈಗ್ಲೂ ನೋಡಿ, ಹಳೇ ರೇಡಿಯೋ ಮುಂದೆ ಪುಟ್ಟ ಹುಡುಗಿ ಕೂತಿರ್ತಾಳೆ, ಆಮೇಲೆ ಕಪ್ಪು ಬಟ್ಟೇಲಿ ಕೀಬೋರ್ಡ್ ನುಡಿಸ್ತಾ ಒಬ್ರು ಕಾಣ್ತಾರಲ್ಲ, ಅವರೇ ಮುಂದೆ ಹಾಲಿವುಡ್ ಸಂಗೀತಕ್ಕೆ ದೊಡ್ಡ ಹೆಸರಾದ ಹಾನ್ಸ್ ಜಿಮ್ಮರ್!

ಪ್ರಶ್ನೆ: 'ಡಿಸ್ಕೋ ಡ್ಯಾನ್ಸರ್' ಸಿನಿಮಾದ 'ಔವಾ ಔವಾ' ಇದೇ ಟ್ಯೂನಾ?

ಉತ್ತರ: ಇದೇ. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತ, ಉಷಾ ಉತ್ತುಪ್ ಜೊತೆ ಅವರೇ ಹಾಡಿದ್ದು. ಆ ಸಿನಿಮಾ ಸೋವಿಯತ್ ಒಕ್ಕೂಟದಲ್ಲೂ ಭಾರೀ ಓಡ್ತು, ಬಗಲ್ಸ್ ಹೆಸರೇ ಕೇಳದೇ ಇರೋರೂ ಈ ರಾಗಕ್ಕೆ ಕುಣಿದ್ರು. ಉಷಾ ಅವರ ದನಿ ನಂಗೆ ತುಂಬಾ ಇಷ್ಟ, ಆದ್ರೆ ಅದ್ರಲ್ಲಿ ಕುಣಿತ ಒಂದೇ ಉಳಿದು ರೇಡಿಯೋದ ಆ ನೋವು ಪೂರ್ತಿ ಹೋಗ್ಬಿಟ್ಟಿದೆ, ಅದಕ್ಕೇ ಮೊದಲು ಮೂಲ ಹಾಡು ಕೇಳಿ ಅಂತೀನಿ, ಸಾಧ್ಯ ಆದ್ರೆ ಹೆಡ್‌ಫೋನ್ ಹಾಕ್ಕೊಂಡು.